ಆಮೆನ್, ಆಮೀನ್: ಕಾರವಾರದ ಒಂದು ಮನೆಯ ಪ್ರಕರಣ

ಕಾರವಾರ, ಅಂಕೋಲಾ ಕಡೆಯ ಮನೆಗಳಿಗೆ ರೋಗಿಗಳನ್ನು ನೋಡಿಕೊಳ್ಳುವವರನ್ನು ಹೊಂದಿಸಿಕೊಡುವುದು ನನ್ನ ಕೆಲಸ. ಹಾಸಿಗೆ ಹಿಡಿದವರು, ಲಕ್ವ ಹೊಡೆದವರು, ಕ್ಯಾನ್ಸರಿನ ಕೊನೆಯ ಹಂತದವರು. ಈ ಕೆಲಸದಲ್ಲಿ ಜಗಳ ಮಾಮೂಲಿ. ಸಂಬಳಕ್ಕೆ, ರಜೆಗೆ, ಕಳುವಾದ ಉಂಗುರಕ್ಕೆ (ಅದು ಆಮೇಲೆ ದಿಂಬಿನ ಕವರಿನೊಳಗೇ ಸಿಗುತ್ತದೆ). ದೇವರ ವಿಷಯಕ್ಕೆ ಬಂದ ಜಗಳ ಮಾತ್ರ ಇದೊಂದೇ. ಮೊದಲ ಎರಡು ವಾರ ಇದನ್ನು ನಾನೇ ಪೂರ್ತಿ ಕೆಡಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ. ಎರಡೂ ಮನೆಯವರನ್ನು ಕೇಳಿಯೇ ಬರೆದದ್ದು. ಹೆಸರು ಹೇಳುವುದಿಲ್ಲ, ಕೇರಿ ಹೇಳುವುದಿಲ್ಲ, ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ರೋಗಿ ಎಂಬತ್ತು ದಾಟಿದ ಕೊಂಕಣಿ ಕ್ಯಾಥೊಲಿಕ್ ಅಜ್ಜಿ. ಮನೆಯಲ್ಲಿ ಎಲ್ಲರೂ ಮಾಯ್ ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಜೊತೆಗೆ ಇದ್ದವರು ಮಗಳು, ಶಾಲೆಯಲ್ಲಿ ಟೀಚರ್. ಮಗ ಕುವೈತಿನಲ್ಲಿ. ಖರ್ಚೆಲ್ಲ ಅವರದ್ದೇ.

ನೋಡಿಕೊಳ್ಳಲು ನಾನು ಕಳಿಸಿದ್ದು ನಲವತ್ತರ ಆಸುಪಾಸಿನ ಒಬ್ಬ ಮುಸ್ಲಿಂ ಹೆಂಗಸು. ಇಲ್ಲಿ ಆಪಾ ಅನ್ನೋಣ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ಕಾಳಿ ನದಿಯ ಆಚೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. 2024ರ ಆಗಸ್ಟಿನಲ್ಲಿ ಹಳೆ ಸೇತುವೆ ಕುಸಿಯಿತಲ್ಲ, ಅದಾದ ಮರುವರ್ಷದ ಮಾತು ಇದು. ಆಪಾ ಒಂದು ದಿನವೂ ಎಂಟು ಗಂಟೆ ತಪ್ಪಿಸಿದ್ದು ನನಗೆ ನೆನಪಿಲ್ಲ. ಮಾಯ್‌ಗೆ ಅವರು ಎಷ್ಟು ಒಗ್ಗಿಹೋದರು ಅಂದರೆ ಮಗಳು ಗಂಜಿ ಕುಡಿಸಿದರೆ ಬಾಯಿ ಬಿಗಿ ಹಿಡಿಯುವವರು ಆಪಾ ಕುಡಿಸಿದರೆ ಲೋಟ ಖಾಲಿ ಮಾಡುತ್ತಿದ್ದರು.

ಸಂಜೆ ಕತ್ತಲಾದ ಮೇಲೆ ಮಾಯ್ ತೆರ್ಸ್ ಹೇಳಬೇಕು. ತೆರ್ಸ್ ಅಂದರೆ ಜಪಸರದ ಪ್ರಾರ್ಥನೆ. ಹತ್ತು ಮಣಿಗಳ ಐದು ಸುತ್ತು, ನಡುನಡುವೆ ಒಂದೊಂದು ಬಿಡಿ ಮಣಿ. ಮಾಯ್ ಅವರ ಸರ ಮರದ್ದು. ಹಿಡಿದು ಹಿಡಿದು ಮಣಿಯ ಅಂಚೆಲ್ಲ ಕಪ್ಪಾಗಿತ್ತು. ಮೂರನೇ ಸುತ್ತಿನಲ್ಲಿ ಒಂದು ಮರದ ಮಣಿ ಎಂದೋ ಉದುರಿಹೋಗಿ ಆ ಜಾಗಕ್ಕೆ ನೀಲಿ ಪ್ಲಾಸ್ಟಿಕ್ ಮಣಿ ಬಂದಿತ್ತು, ತೀರಿಕೊಂಡ ಗಂಡ ಪೋಣಿಸಿ ಕೊಟ್ಟದ್ದಂತೆ. ಎಡಗೈಯಲ್ಲಿ ಸರ ಜಾರುತ್ತಿತ್ತು. ಎಣಿಕೆ ತಪ್ಪುತ್ತಿತ್ತು. ಮತ್ತೆ ಮೊದಲಿಂದ. ಒಂದು ದಿನ ಮೂರು ಸಲ ಮೊದಲಿಂದ ಶುರುಮಾಡಿ ಮಾಯ್ ಅತ್ತುಬಿಟ್ಟರು. ಆಗ ಆಪಾ ಪಕ್ಕದಲ್ಲಿ ಕೂತು ಸರ ತೆಗೆದುಕೊಂಡರು. ಮಾಯ್ ಹೇಳುವುದು, ಆಪಾ ಮಣಿ ಸರಿಸುವುದು. ಆಪಾ ಬೆರಳಿಗೆ ಇದು ಹೊಸದೇನಲ್ಲ. ಮುಸ್ಲಿಮರ ಜಪಸರ ತಸ್ಬೀಹ್‌ನಲ್ಲಿ 33ರ ಲೆಕ್ಕದಲ್ಲಿ ದಿನಾ ಎಣಿಸುವ ಕೈ. ನೀಲಿ ಮಣಿ ಬಂದಾಗ ಮಾಯ್ ನಿಲ್ಲಿಸಿ ಒಂದು ದೊಡ್ಡ ಉಸಿರು ತೆಗೆದುಕೊಳ್ಳುತ್ತಿದ್ದರು, ಆಪಾನೂ ಬೆರಳು ನಿಲ್ಲಿಸುತ್ತಿದ್ದರು.

ಹೀಗೇ ಎರಡು ತಿಂಗಳು. ಯಾರಿಗೂ ಏನೂ ಅನಿಸಲಿಲ್ಲ.

ಎಲ್ಲಿ ಕೆಟ್ಟಿತು

ಮೊಮ್ಮಗಳೊಬ್ಬಳು ರಜೆಗೆ ಬಂದವಳು ಇದನ್ನು ಮೊಬೈಲಿನಲ್ಲಿ ಹಿಡಿದು, ಕೆಳಗೆ ಒಂದು ಹೃದಯದ ಚಿತ್ರ ಹಾಕಿ, ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಪಾಪ, ಚಂದ ಕಂಡಿತು, ಕಳಿಸಿದಳು. ಒಂದು ನಿಮಿಷವೂ ಇಲ್ಲದ ವೀಡಿಯೊ. ಮಾಯ್ ತೊದಲುತ್ತಾ 'ದೇವಾಚೆ ಮಾಯೆ' ಅಂದರೆ ದೇವಮಾತೆ ಅನ್ನುತ್ತಾರೆ, ಆಪಾ ಮಣಿ ಸರಿಸುತ್ತಾರೆ, ಕೊನೆಗೆ ಇಬ್ಬರೂ ಮುಗಿಸುತ್ತಾರೆ. ಮಾಯ್ 'ಆಮೆನ್' ಅಂದರೆ ಆಪಾ 'ಆಮೀನ್' ಅನ್ನುತ್ತಾರೆ, ಎರಡಕ್ಕೂ ಅರ್ಥ ಹಾಗೇ ಆಗಲಿ ಅಂತ. ಅದು ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಆಮೇಲೆ ಮಾಯ್ 'ತೂಂಯ್ ಮಾಗ್ ಗೋ' ಅನ್ನುತ್ತಾರೆ, ನೀನೂ ಬೇಡಿಕೋ ಅಂತ. ಆಪಾ ಎರಡು ಅಂಗೈ ಬಿಚ್ಚಿ ಮೆಲ್ಲಗೆ ಕುರ್‌ಆನಿನ ಮೊದಲ ಅಧ್ಯಾಯವಾದ ಅಲ್‌ಫಾತಿಹಾ ಓದುತ್ತಾರೆ. ಅಲ್ಲಿಗೆ ವೀಡಿಯೊ ಮುಗಿಯಿತು.

ಆ ರಾತ್ರಿಯೇ ಕುವೈತಿನಿಂದ ಫೋನ್. "ಅಕ್ಕಾ, ನಮ್ಮ ತಾಯಿ ತಲೆ ಮೇಲೆ ಬೇರೆ ದೇವರ ಪ್ರಾರ್ಥನೆ ಯಾಕೆ ನಡೀತಾ ಉಂಟು?" ಮಗ ಕೂಗಾಡುವವರಲ್ಲ. ಮೆತ್ತಗೆ ಕೇಳಿದರು, ಅದೇ ಕಷ್ಟ.

ಗುಂಪಿನ ವೀಡಿಯೊ ಗುಂಪಿನಲ್ಲೇ ಉಳಿಯುತ್ತದಾ? ಮೂರು ದಿನಕ್ಕೆ ನದಿ ದಾಟಿ ಆಪಾ ಗಂಡನ ಮೊಬೈಲಿಗೂ ಹೋಯಿತು. ಅವರು ಹೆಂಡತಿಯನ್ನು ಕೇಳಿದ್ದು ಹೀಗೆ: ಶಿಲುಬೆ ಮುಂದೆ ಕೂತು ಆಮೀನ್ ಅಂದೆಯಲ್ಲ, ಯಾರಿಗೆ ಅಂದೆ? ಮರುದಿನದಿಂದ ಆಪಾ ಕೆಲಸಕ್ಕಿಲ್ಲ.

ಒಬ್ಬರನ್ನೊಬ್ಬರು ಕಣ್ಣಿಂದ ನೋಡದ ಈ ಇಬ್ಬರು ಗಂಡಸರೂ ಒಂದು ವಿಷಯದಲ್ಲಿ ಪೂರ್ತಿ ಒಮ್ಮತದಲ್ಲಿದ್ದರು. ದೇವರು ಬೇರೆ ಬೇರೆ ಅಂತ!

ನಾನು ಮಾಡಿದ್ದು

ನಾನು ಹಿಂದೂ. ನಮಗೆ ಬಾಯಿಗೆ ಬರುವ ಮಾತು ಒಂದಿದೆಯಲ್ಲ, ದೇವನೊಬ್ಬ ನಾಮ ಹಲವು. ಅದನ್ನೇ ಹೇಳಿದೆ, ಇಬ್ಬರಿಗೂ ಹೇಳಿದೆ, ಇದಕ್ಕಿಂತ ಒಳ್ಳೆ ಮಾತು ಇನ್ನೇನಿದೆ ಅನ್ನೋ ಧೈರ್ಯದಲ್ಲಿ ಹೇಳಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಿಮ್ಮ ಉತ್ತರ ಅಕ್ಕಾ, ನಮ್ಮದಲ್ಲ" ಅಂದರು. ಆಪಾ ಗಂಡ ಇನ್ನೂ ನೇರ. "ಅಲ್ಲಾಹುವಿಗೆ ತೊಂಬತ್ತೊಂಬತ್ತು ಹೆಸರು ಅಂತ ನಮಗೂ ಗೊತ್ತು ಅಕ್ಕಾ. ಅದರಲ್ಲಿ ಅಪ್ಪ ಅನ್ನೋದು ಇಲ್ಲ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ಮಧ್ಯಸ್ಥಿಕೆಯವಳು, ಯಾರ ಕಡೆಯೂ ಅಲ್ಲ ಅಂದುಕೊಂಡಿದ್ದೆ. ಆದರೆ ನನ್ನ ಗಾದೆಯೂ ಒಂದು ಪಕ್ಷವೇ, ಮೂರನೇ ಪಕ್ಷ. ಇಬ್ಬರಿಗೂ ಯಾವುದು ಪ್ರಾಣವೋ ಅದನ್ನು ಅದು ಸುಮ್ನೆ 'ನಾಮ' ಅಂತ ಪಕ್ಕಕ್ಕಿಡುತ್ತದೆ.

ಎರಡನೇ ತಪ್ಪು, ಬೇರೆ ಆಳು ಕಳಿಸಿದ್ದು. ಕ್ಯಾಥೊಲಿಕ್ ಹುಡುಗಿ, ಒಳ್ಳೆಯವಳೇ. ಆದರೆ ಮಾಯ್ ಮೈ ತೊಳೆಸಿಕೊಳ್ಳಲು ಬಿಡಲಿಲ್ಲ, ಊಟ ಅರ್ಧಕ್ಕಿಳಿಯಿತು, ಬೆನ್ನಿನ ಮೇಲೆ ಹುಣ್ಣಿನ ಗುರುತು ಕಾಣಿಸಿತು. ಇನ್ನೊಂದು ತಪ್ಪು ಹೇಳಲು ನಾಚಿಕೆ. ಎರಡೂ ಮನೆಯವರನ್ನು ಕೂಡಿಸಿ ಒಂದು ಸರ್ವಧರ್ಮ ಪ್ರಾರ್ಥನೆ ಮಾಡಿಸೋಣ ಅಂತ ಮಗಳ ಹತ್ತಿರ ಹೇಳಿದೆ. ಅವರು ನನ್ನ ಮುಖ ನೋಡಿ, "ಬೆಂಕಿ ಆರಿಸೋಕೆ ಸೀಮೆಎಣ್ಣೆ ತರ್ತೀರಾ?" ಅಂದರು. ನಾನು ಆಗಲೂ ಬಿಡಲಿಲ್ಲ. ನಮ್ಮ ಜಿಲ್ಲೆಯ ಸಿದ್ದಿಗಳನ್ನು ನೋಡಿ, ಯಲ್ಲಾಪುರ, ಹಳಿಯಾಳ ಕಡೆ ಅವರಲ್ಲೇ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ, ಜಗಳ ಇದೆಯಾ ಅಂದೆ. ಅವರು ಹೌದು ಅಂತ ತಲೆ ಆಡಿಸಿದರು, ಪ್ರಯೋಜನ ಏನೂ ಆಗಲಿಲ್ಲ. ಅಲ್ಲಿ ಹಿಡಿದಿಡುವುದು ನೆಂಟಸ್ತನ. ಇಲ್ಲಿ ಇದ್ದದ್ದು ಸಂಬಳದ ಸಂಬಂಧ.

ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಹುಡುಕಿದೆ. ಈ ಜಗಳ ನಮ್ಮ ಕಾಳಿ ದಂಡೆಯದ್ದು ಮಾತ್ರ ಅಲ್ಲ ಅಂತ ಆಗ ಗೊತ್ತಾಯಿತು. ಮಲೇಷ್ಯಾದಲ್ಲಿ ಕ್ಯಾಥೊಲಿಕ್ ಪತ್ರಿಕೆಯೊಂದು ದೇವರಿಗೆ 'ಅಲ್ಲಾ' ಅಂತ ಬರೆಯಬಹುದಾ ಅನ್ನುವುದೇ ಕೋರ್ಟಿಗೆ ಹೋಗಿತ್ತು. 2009ರಲ್ಲಿ ಬರೆಯಬಹುದು ಅಂದರು, 2013ರಲ್ಲಿ ಮೇಲಿನ ಕೋರ್ಟು ಬೇಡ ಅಂತು. ಅಮೆರಿಕದ ಒಂದು ಕ್ರೈಸ್ತ ಕಾಲೇಜಿನ ಪ್ರಾಧ್ಯಾಪಕಿ 2015ರ ಡಿಸೆಂಬರಿನಲ್ಲಿ, ಮುಸ್ಲಿಮರು ಮತ್ತು ನಾವು ಒಂದೇ ದೇವರನ್ನು ಆರಾಧಿಸುತ್ತೇವೆ ಅಂತ ಬರೆದದ್ದಕ್ಕೆ ಅವರನ್ನು ರಜೆ ಮೇಲೆ ಕಳಿಸಿದರು. ಮರುವರ್ಷ ಅವರು ಆ ಕಾಲೇಜನ್ನೇ ಬಿಟ್ಟರು. ಓದಿದವರ ನಡುವೆಯೇ ಹೀಗಾದರೆ ನಾನು ಗಾದೆ ಹಿಡಿದು ಹೊರಟವಳು!

ಟೀಚರ್ ಕೊಟ್ಟ ಲೆಕ್ಕ

ಮೊದಲ ತಿರುವು ಬಂದದ್ದು ಅಡುಗೆಮನೆಯಲ್ಲಿ. ಮಾಯ್ ಅವರ ತಮ್ಮನ ಮಗ ನೋಡಲು ಬಂದಿದ್ದರು. ಅವರು ಈಗ ಬೇರೊಂದು ಪ್ರಾರ್ಥನಾ ಗುಂಪಿಗೆ ಹೋಗುತ್ತಾರೆ, ಬೈಬಲ್ ಬಾಯಿಪಾಠ. ಯೋಹಾನನ ಮೊದಲ ಪತ್ರಿಕೆ, 2ನೇ ಅಧ್ಯಾಯ, 23ನೇ ವಚನ ಹೇಳಿದರು. ಮಗನನ್ನು ಒಪ್ಪದವನಿಗೆ ತಂದೆಯೂ ಇಲ್ಲ ಅನ್ನುವ ಅರ್ಥದ್ದು. ಯೇಸುವನ್ನು ದೇವರ ಮಗ ಅಲ್ಲ ಅನ್ನುವವರು ಪ್ರಾರ್ಥಿಸೋದು ನಮ್ಮ ದೇವರಿಗೆ ಹೇಗಾಗುತ್ತೆ ಅಂತ ಅವರ ವಾದ. ಇದು ಹಗುರ ಮಾತಲ್ಲ. ಕ್ರೈಸ್ತರಿಗೆ ದೇವರು ತಂದೆ, ಮಗ, ಪವಿತ್ರಾತ್ಮ. ಅದು ಮೇಲೆ ಹಚ್ಚಿದ ಬಣ್ಣ ಅಲ್ಲ, ಅವರ ಪಾಲಿಗೆ ದೇವರು ಇರುವುದೇ ಹಾಗೆ.

ಟೀಚರ್ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದರು. ತಲೆ ಎತ್ತದೆ ಕೇಳಿದರು, "ಹಾಗಾದ್ರೆ ಯಹೂದಿಗಳು? ಅವರೂ ಮಗನನ್ನು ಒಪ್ಪೋದಿಲ್ಲ. ಅಬ್ರಹಾಮನ ದೇವರು ಬೇರೆ, ನಮ್ಮವನು ಬೇರೆ ಅಂತೀಯಾ?" ಅವರು ಅದು ಬೇರೆ ವಿಷಯ ಅಂದರು. ಆಗ ಟೀಚರ್ ಕೈಯಲ್ಲಿದ್ದ ಎರಡು ಪತ್ರಿಕೆ ಎತ್ತಿ ತೋರಿಸಿದರು. "ನೋಡು, ಇವರಿಬ್ಬರೂ ಒಂದೇ ಪ್ರಶ್ನೆಗೆ ಬರೆದಿದ್ದಾರೆ, ಅದಕ್ಕೇ ಒಬ್ಬನದ್ದು ತಪ್ಪು ಅನ್ನೋಕೆ ಬರುತ್ತೆ. ಬೇರೆ ಬೇರೆ ಪ್ರಶ್ನೆಗೆ ಬರೆದಿದ್ರೆ ಇವನ ಉತ್ತರ ಇಟ್ಟು ಅವನದ್ದು ತಪ್ಪು ಅನ್ನೋಕೆ ಬರ್ತದಾ? ಅವರು ದೇವರ ಬಗ್ಗೆ ತಪ್ಪು ತಿಳಿದಿದ್ದಾರೆ ಅಂತ ನೀನು ಹೇಳಿದ ಕೂಡಲೇ, ಅವರು ಮಾತಾಡ್ತಿರೋದು ನಮ್ಮ ದೇವರ ಬಗ್ಗೆಯೇ ಅಂತ ಒಪ್ಪಿಕೊಂಡ ಹಾಗಾಯ್ತು."

"ದ್ಯುತಿಸಂಶ್ಲೇಷಣೆ ಬರಿ ಅಂದ್ರೆ ಕಪ್ಪೆ ಚಿತ್ರ ಬರೆದಿದ್ರೆ?" ಅಂತ ಅವರು ಕೇಳಿದರು.

ಟೀಚರ್‌ಗೂ ನಗು ಬಂತು. ಆದರೆ ಪ್ರಶ್ನೆ ಸರಿಯಾಗೇ ಇದೆ. ಉತ್ತರ ಎಷ್ಟು ಬೇರೆಯಾದರೆ ಪ್ರಶ್ನೆಯೇ ಬೇರೆ ಅಂತ ಅನ್ನಬೇಕು? ಜಗತ್ತನ್ನು ಸೃಷ್ಟಿಸಿದವನು, ಒಬ್ಬನೇ ಇರುವವನು, ಅಬ್ರಹಾಮನ ಜೊತೆ ಮಾತಾಡಿದವನು, ಕೊನೆಯ ದಿನ ಲೆಕ್ಕ ಕೇಳುವವನು, ಇಷ್ಟನ್ನು ಇಬ್ಬರೂ ಬರೆಯುತ್ತಾರೆ. ಅವನು ತ್ರಿಯೇಕನಾ, ಯೇಸುವಿನಲ್ಲಿ ಮನುಷ್ಯನಾಗಿ ಬಂದನಾ, ಅಲ್ಲಿ ಒಬ್ಬರು ಹೌದು ಅಂದರೆ ಇನ್ನೊಬ್ಬರು ಇಲ್ಲವೇ ಇಲ್ಲ ಅನ್ನುತ್ತಾರೆ. ನನಗೆ ಕೇಳಿದರೆ ಇದು ಕಪ್ಪೆ ಅಲ್ಲ. ಆದರೆ ಕಪ್ಪೆ ಅನ್ನುವವರನ್ನು ನಾನಿನ್ನು ಮೂರ್ಖರು ಅಂದುಕೊಳ್ಳುವುದಿಲ್ಲ.

ಆವತ್ತು ನನಗೆ ಹೊಳೆದದ್ದು ಇಷ್ಟು: ಇಲ್ಲಿ ಎರಡು ಪ್ರಶ್ನೆ ಗಂಟು ಬಿದ್ದಿವೆ. ಯಾರನ್ನು ಪ್ರಾರ್ಥಿಸುತ್ತಾರೆ ಅನ್ನುವುದು ಒಂದು. ಒಟ್ಟಿಗೆ ಪ್ರಾರ್ಥಿಸಬಹುದಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೌದು ಅಂದ ಮಾತ್ರಕ್ಕೆ ಎರಡನೆಯದಕ್ಕೂ ಹೌದು ಅನ್ನಬೇಕಿಲ್ಲ. ಮಾಯ್ ಹಾಸಿಗೆಯ ಹತ್ತಿರ ಬೇಕಾಗಿದ್ದದ್ದು ಎರಡನೆಯದಕ್ಕೆ ಉತ್ತರ. ನಾವೆಲ್ಲ ಹೊಡೆದಾಡುತ್ತಿದ್ದದ್ದು ಮೊದಲನೆಯದರ ಮೇಲೆ.

ಪಾದ್ರಿ, ಮೌಲವಿ

ಪಾದ್ರಿಗಳ ಹತ್ತಿರ ಟೀಚರ್ ಜೊತೆ ಹೋದೆ. ಅವರು ಕ್ಯಾಥೊಲಿಕ್ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆಯ 1964ರ ದಾಖಲೆ ತೆಗೆದು ಒಂದು ಸಾಲು ತೋರಿಸಿದರು. ಮುಸ್ಲಿಮರು ಅಬ್ರಹಾಮನ ವಿಶ್ವಾಸ ಹಿಡಿದವರು, ನಮ್ಮೊಂದಿಗೆ ಒಬ್ಬನೇ ಕರುಣಾಮಯಿ ದೇವರನ್ನು ಆರಾಧಿಸುತ್ತಾರೆ ಅಂತ ಅದರ ತಾತ್ಪರ್ಯ. 'ನಮ್ಮೊಂದಿಗೆ' ಅನ್ನುವ ಕಡೆ ಬೆರಳಿಟ್ಟರು. ಇದು ಹೊಸ ಮಾತೂ ಅಲ್ಲ, 1076ರಲ್ಲೇ ಪೋಪ್ ಏಳನೇ ಗ್ರೆಗರಿ ಉತ್ತರ ಆಫ್ರಿಕಾದ ಒಬ್ಬ ಮುಸ್ಲಿಂ ದೊರೆಗೆ ಬರೆದ ಪತ್ರದಲ್ಲಿ, ರೀತಿ ಬೇರೆಯಾದರೂ ನಾವಿಬ್ಬರೂ ಒಬ್ಬ ದೇವರನ್ನೇ ನಂಬುತ್ತೇವೆ ಅಂದಿದ್ದರು ಅಂದರು. ನಾನು ಖುಷಿಯಿಂದ ಎದ್ದು ನಿಂತೆ, ಮುಗಿಯಿತಲ್ಲ ಅಂತ. "ಕೂತ್ಕೊಳ್ಳಿ" ಅಂದರು. "ಅರ್ಧ ತಗೊಂಡು ಹೋಗಬೇಡಿ." 1965ರ ಇನ್ನೊಂದು ದಾಖಲೆ ತೋರಿಸಿದರು. ಮುಸ್ಲಿಮರು ಯೇಸುವನ್ನು ದೇವರು ಅಂತ ಒಪ್ಪುವುದಿಲ್ಲ, ಪ್ರವಾದಿ ಅಂತ ಗೌರವಿಸುತ್ತಾರೆ, ಮರಿಯಮ್ಮನನ್ನು ಮನ್ನಿಸುತ್ತಾರೆ ಅಂತ ಅದರಲ್ಲೇ ಇದೆ. ಆಮೇಲೆ 1986ರ ಅಕ್ಟೋಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬೇರೆ ಬೇರೆ ಧರ್ಮದವರನ್ನು ಅಸ್ಸಿಸಿಗೆ ಕರೆದಾಗ ಇಟ್ಟುಕೊಂಡ ನಿಯಮ ಹೇಳಿದರು. ಪ್ರಾರ್ಥಿಸಲು ಒಟ್ಟಿಗೆ ಸೇರುವುದು ಬೇರೆ, ಒಟ್ಟಿಗೆ ಪ್ರಾರ್ಥಿಸುವುದು ಬೇರೆ. ಅಲ್ಲಿ ಆದದ್ದು ಮೊದಲನೆಯದು.

ನನ್ನ ಅಡುಗೆಮನೆಯ ಗಂಟು ಇದೇ ಅಲ್ವಾ!

ಮೌಲವಿಗಳ ಹತ್ತಿರ ಆಪಾ ಗಂಡನೇ ಕರೆದುಕೊಂಡು ಹೋದರು. ನನ್ನ ಮೇಲೆ ನಂಬಿಕೆ ಬಂದು ಅಲ್ಲ, ಮೌಲವಿ ತನ್ನ ಕಡೆ ಹೇಳುತ್ತಾರೆ ಅನ್ನೋ ಭರವಸೆಯಿಂದ. ಮೌಲವಿ ಮೊದಲು ಹೇಳಿದ್ದು ಕುರ್‌ಆನಿನ 29ನೇ ಅಧ್ಯಾಯದ 46ನೇ ವಚನ: ಗ್ರಂಥದವರೊಡನೆ (ಯಹೂದಿ, ಕ್ರೈಸ್ತರೊಡನೆ) ಒಳ್ಳೆಯ ರೀತಿಯಲ್ಲೇ ವಾದಿಸಿ, ನಮ್ಮ ದೇವನೂ ನಿಮ್ಮ ದೇವನೂ ಒಬ್ಬನೇ ಅನ್ನಿ ಅಂತ. ಗಂಡನ ಮುಖ ಸ್ವಲ್ಪ ಸಣ್ಣದಾಯಿತು. ಕೂಡಲೇ 112ನೇ ಅಧ್ಯಾಯವನ್ನೂ ಓದಿದರು, ನಾಲ್ಕೇ ವಚನ. ಅವನು ಯಾರನ್ನೂ ಹೆತ್ತಿಲ್ಲ, ಯಾರಿಗೂ ಹುಟ್ಟಿಲ್ಲ. ಎರಡೂ ಒಂದೇ ಪುಸ್ತಕದಲ್ಲಿ ಇವೆ, ಒಂದನ್ನು ಇಟ್ಟುಕೊಂಡು ಇನ್ನೊಂದು ಬಿಡೋಕೆ ಬರೋದಿಲ್ಲ ಅಂದರು.

ಆಮೇಲೆ ಒಂದು ಹಳೆಯ ಸಂಗತಿ ಹೇಳಿದರು. ಅರೇಬಿಯಾದ ನಜ್ರಾನಿನ ಕ್ರೈಸ್ತರು ಮದೀನಾಕ್ಕೆ ಪ್ರವಾದಿಯವರನ್ನು ಕಾಣಲು ಬಂದಿದ್ದರು. ಯೇಸು ಯಾರು ಅಂತ ದೊಡ್ಡ ವಾದವೇ ನಡೆಯಿತು, ಒಪ್ಪಿಗೆ ಆಗಲಿಲ್ಲ. ಆದರೂ ಅವರ ಪ್ರಾರ್ಥನೆಯ ಹೊತ್ತಾದಾಗ ಮಸೀದಿಯಲ್ಲೇ ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸಲು ಬಿಟ್ಟರು ಅಂತ ಪ್ರವಾದಿಯವರ ಚರಿತ್ರೆಯ ಗ್ರಂಥಗಳಲ್ಲಿ ಇದೆಯಂತೆ. "ಬಿಟ್ಟರು ಅಷ್ಟೇ. ಅವರ ಹಿಂದೆ ನಿಂತು ಪ್ರಾರ್ಥಿಸಲಿಲ್ಲ" ಅಂದರು.

ಆಪಾಗೆ ಮೌಲವಿ ಕೇಳಿದ್ದು ಒಂದೇ ಪ್ರಶ್ನೆ. ಆಮೀನ್ ಅಂದದ್ದು ಯಾವ ಮಾತಿಗೆ? ಮೇರಿಯ ಪ್ರಾರ್ಥನೆಗೆ ಅಂತ ಆಪಾ ಹೇಳಿದರು. "ಮರಿಯಮ್ ನಮಗೂ ದೊಡ್ಡವರೇ, ಕುರ್‌ಆನಿನಲ್ಲಿ ಅವರ ಹೆಸರಿನ ಸೂರಾನೇ, ಅಧ್ಯಾಯವೇ ಇದೆ. ಆದರೆ ದೇವರ ತಾಯಿ ಅನ್ನೋ ಮಾತಿಗೆ ನೀನು ಆಮೀನ್ ಅನ್ನಬಾರದು ಬೇಟಿ." ಮತ್ತೆ ಮಣಿ ಸರಿಸೋದು? "ಕೈ ನಡೀದವರಿಗೆ ಕೈಯಾಗೋದು ಶಿರ್ಕ್ ಅಲ್ಲ." ಶಿರ್ಕ್ ಅಂದರೆ ದೇವರಿಗೆ ಸಮನಾಗಿ ಇನ್ನೊಬ್ಬರನ್ನು ಇಡುವುದು.

ನಾನು ಸುಮ್ಮನೆ ಕೇಳುತ್ತಾ ಕೂತಿದ್ದೆ. ಎರಡು ವಾರದಲ್ಲಿ ನಾನು ಸುಮ್ಮನೆ ಕೂತದ್ದು ಅದೇ ಮೊದಲು.

ಮಗನ ಶುಕ್ರವಾರ

ಮಗನಿಗೆ ಪಾದ್ರಿಗಳ ಮಾತು ತಲುಪಿಸಿದೆವು. ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಅವರಿಗೆ ಚುಚ್ಚುತ್ತಿದ್ದದ್ದು ಆ 'ಆಮೀನ್'. ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದರು. ಆಗ ಟೀಚರ್ ಕೇಳಿದ್ದು ತಂಗಿ ಅಣ್ಣನನ್ನು ಕೇಳುವ ಹಾಗೆ. "ಬಾಬ್, ಶುಕ್ರವಾರ ಇಗರ್ಜಿಗೆ ಹೋಗ್ತೀಯಲ್ಲ, ಅಲ್ಲಿ ಅರಬ್ಬೀ ಪೂಜೆ ಕೇಳಿಲ್ವಾ? ಅವರು ಕೊನೆಗೆ ಏನಂತಾರೆ?"

ಕುವೈತಿನಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ನಮ್ಮವರ ಭಾನುವಾರದ ಪೂಜೆ ಅಲ್ಲಿ ಶುಕ್ರವಾರವೇ. ಲೆಬನಾನ್, ಸಿರಿಯಾ, ಈಜಿಪ್ಟಿನ ಕ್ರೈಸ್ತರೂ ಬರುತ್ತಾರೆ. ಅವರು ದೇವರಿಗೆ ಅನ್ನುವುದು ಅಲ್ಲಾ ಅಂತಲೇ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಅಂತ ಶಿಲುಬೆಯ ಗುರುತು ಹಾಕಿಕೊಂಡು 'ಒಬ್ಬನೇ ದೇವರು' ಅಂತ ಸೇರಿಸಿ ಮುಗಿಸುವುದು ಆಮೀನ್ ಅಂತ. ದೀರ್ಘದ 'ಮೀ' ಇಟ್ಟೇ.

ಫೋನಿನ ಆ ಕಡೆ ಮಾತಿಲ್ಲ. ಆಮೇಲೆ, "ಹೌದು. ಹಾಗೇ ಅಂತಾರೆ" ಅಂದರು.

ಹೆಸರು ಒಂದೇ ಆದ ಮಾತ್ರಕ್ಕೆ ದೇವರು ಒಬ್ಬನೇ ಅಂತ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಚುಚ್ಚುತ್ತಿದ್ದದ್ದು ವಾದ ಅಲ್ಲ, ಕಿವಿಗೆ ಬಿದ್ದ ಒಂದು ಸ್ವರ. ಅದು ತಮ್ಮದೇ ಇಗರ್ಜಿಯಲ್ಲಿ ಇದೆ ಅಂತ ನೆನಪಾದಾಗ ಮುಳ್ಳು ಸಡಿಲಾಯಿತು. ಎರಡು ವಾರ ನಾನು ವಾದಕ್ಕೆ ವಾದ ಕೊಡುತ್ತಿದ್ದೆ. ಎಲ್ಲಿ ನೋಯುತ್ತಿದೆ ಅಂತ ಕೇಳಲಿಲ್ಲ. ರೋಗಿಗಳ ಮನೆಯ ಕೆಲಸ ಮಾಡುವವಳು ಮೊದಲು ಕೇಳಬೇಕಾದ್ದೇ ಅದು.

ಏನು ಗೊತ್ತುಮಾಡಿದೆವು

ಟೀಚರ್ ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದರು. ಆಪಾ ಮಗ್ರಿಬ್, ಅಂದರೆ ಸೂರ್ಯ ಮುಳುಗಿದ ಮೇಲಿನ ನಮಾಜು ಮುಗಿಸಿದ ಮೇಲೆಯೇ ತೆರ್ಸ್. ನಮಾಜಿಗೆ ಅಕ್ಕಿ ಡಬ್ಬ ಇಡುವ ಒಳಕೋಣೆ, ಅಲ್ಲಿ ಗೋಡೆಗೆ ಚಿತ್ರಗಳಿರಲಿಲ್ಲ. ತೆರ್ಸ್‌ನಲ್ಲಿ ಆಪಾ ಮಣಿ ಮಾತ್ರ ಸರಿಸುವುದು, ಆಮೆನ್ ಮಾಯ್ ಅವರದ್ದೇ. ಮಾಯ್ ನೀನೂ ಬೇಡಿಕೋ ಅಂದರೆ ಆಪಾ ಕಿಟಕಿ ಹತ್ತಿರ ಹೋಗಿ ತನ್ನ ಮಾತಿನಲ್ಲಿ ದುವಾ ಮಾಡುವುದು. ವೀಡಿಯೊ ಯಾರೂ ತೆಗೆಯಬಾರದು, ಇದಕ್ಕೆ ಮಾತ್ರ ಎರಡು ಗೆರೆ ಎಳೆದಿದ್ದರು.

ದೇವರು ಒಬ್ಬನಾ ಇಬ್ಬರಾ ಅಂತ ಆ ಕಾಗದದಲ್ಲಿ ಇರಲಿಲ್ಲ. ಮಗ ಅದರ ಫೋಟೊ ನೋಡಿ ಹೆಬ್ಬೆರಳಿನ ಗುರುತು ಕಳಿಸಿದರು, ಒಂದು ಅಕ್ಷರ ಇಲ್ಲ. ಆಪಾ ಗಂಡ ರಂಜಾನ್ ತನಕ ನೋಡೋಣ ಅಂದರು. ರಂಜಾನ್ ಬಂತು, ಹೋಯಿತು, ಮತ್ತೆ ಆ ಮಾತು ಎತ್ತಲಿಲ್ಲ. ಪ್ರಾರ್ಥನಾ ಗುಂಪಿನ ಆ ನೆಂಟರು ಇವತ್ತಿಗೂ ಒಪ್ಪಿಲ್ಲ. ಆದರೆ ಬಂದಾಗ ಆಪಾಗೂ ಸೇರಿಸಿ ಬಿಸ್ಕೀಟು ತರುತ್ತಿದ್ದರು.

ವ್ಯವಸ್ಥೆ ಪೂರ್ತಿ ನಿಂತಿತು ಅಂತಲೂ ಹೇಳಲಾರೆ. ಜ್ವರ ಏರಿದ ಒಂದು ರಾತ್ರಿ ಆಪಾ ಅಲ್ಲೇ ಉಳಿದಿದ್ದರು. ಮಾಯ್ ಅವರ ಕೈ ಹಿಡಿದು 'ಆಮೆನ್ ಮ್ಹಣ್', ಆಮೆನ್ ಅನ್ನು ಅಂತ ಹಟ ಮಾಡಿದರಂತೆ. ಏನು ಹೇಳಿದಿರಿ ಅಂತ ಕೇಳಿದೆ. ಆಪಾ ಹೇಳಲಿಲ್ಲ. ನಾನು ಎರಡನೇ ಸಲ ಕೇಳಲಿಲ್ಲ.

ಈಗ ಹೊಸ ಮನೆಗೆ ಆಳು ಕಳಿಸುವಾಗ ಔಷಧಿ, ಊಟದ ಜೊತೆ ಪ್ರಾರ್ಥನೆಯ ಹೊತ್ತು ಯಾವುದು, ಕೈ ಹಾಕಬಹುದಾದ್ದು ಯಾವುದು, ಬಾರದ್ದು ಯಾವುದು ಅಂತ ಎರಡೂ ಕಡೆಯವರನ್ನು ಮೊದಲೇ ಕೇಳುತ್ತೇನೆ. ಕೆಲವರಿಗೆ ಇದು ಜಾಸ್ತಿ ಅನಿಸುತ್ತದೆ. ಆದರೂ ಕೇಳುತ್ತೇನೆ. ಗಾದೆ ಹೇಳುವುದು ಬಿಟ್ಟಿದ್ದೇನೆ.

ಮಾಯ್ ತೀರಿಕೊಂಡದ್ದು ಬೇಸಿಗೆಯಲ್ಲಿ. ಮಗ ಮರುದಿನ ಮಧ್ಯಾಹ್ನ ಬಂದು ಮುಟ್ಟಿದರು. ಪೆಟ್ಟಿಗೆ ಮುಚ್ಚುವ ಮೊದಲು ಜಪಸರವನ್ನು ತಾಯಿಯ ಕೈಗೆ ಸುತ್ತಬೇಕಿತ್ತು. ಅವರ ಬೆರಳು ನಡುಗುತ್ತಿತ್ತು, ಹೇಗೋ ಸುತ್ತಿದರು. ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ ಆಪಾ ಅಲ್ಲಿಂದಲೇ, "ಬಾಬ್, ನೀಲಿ ಮಣಿ ಹೆಬ್ಬೆರಳಿಗೆ ಬರಲಿ. ಮಾಯ್ ಅಲ್ಲೇ ಉಸಿರು ತಗೊಳ್ತಿದ್ರು" ಅಂದರು. ಮಗ ಸರ ಬಿಚ್ಚಿ ಮೊದಲಿಂದ ಸುತ್ತಿದರು.